ವಾರ್‌ಗೇಮ್ ರೂಲ್‌ಬುಕ್ಕಿನ ತಪ್ಪು–ಒಪ್ಪು

[ದೃಶ್ಯ: ಜಗಲಿಯ ಮೇಜಿನ ಮೇಲೆ ಹಾಸಿದ ನಕ್ಷೆ, ಸಣ್ಣ ಚೌಕ ಬಿಲ್ಲೆಗಳು. ಹಂಚಿನ ಮೇಲೆ ಮಳೆಯ ಸದ್ದು.]

ನಮಸ್ಕಾರ. ಶಿರಸಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಮನೆಯ ಈ ಮೇಜು ವಾರಗಟ್ಟಲೆ ಖಾಲಿಯಾಗುವುದಿಲ್ಲ. ಅಡಿಕೆಗೆ ಮದ್ದು ಹೊಡೆಸಿ ಆದಮೇಲೆ ವಾರ್‌ಗೇಮಿನ, ಅಂದರೆ ನಕ್ಷೆಯ ಮೇಲೆ ಬಿಲ್ಲೆ ನಡೆಸಿ ಆಡುವ ಯುದ್ಧದ ಆಟದ, ಪೆಟ್ಟಿಗೆ ಬಿಚ್ಚುತ್ತೇವೆ. ಕಾರವಾರದಿಂದ ನಮ್ಮ ಮಾಸ್ತರರು ದೇವಿಮನೆ ಘಟ್ಟ ಹತ್ತಿ ಬರುತ್ತಾರೆ, ಅಕ್ಕನ ಮಗ ಕಾಲೇಜಿನಿಂದ ಬರುತ್ತಾನೆ. ಎರಡು ಮೂರು ದಿನ ಒಂದೇ ಯುದ್ಧ.

ಅಂಥದೊಂದು ಯುದ್ಧ ನಡುವಿನಲ್ಲೇ ನಿಂತುಹೋಯಿತು. ಯಾಕೆಂದು ಇಲ್ಲೇ ತೋರಿಸುತ್ತೇನೆ.

[ಹತ್ತಿರದ ನೋಟ: ಷಟ್ಕೋನದ ಮನೆಗಳು, ನಡುವೆ ನೀಲಿ ನದಿ.]

ಮಾಸ್ತರರ ಮೂರು ಪಡೆ, ಒಂದೊಂದರ ಬಲ 4. ಎರಡು ನದಿಯ ಆಚೆ ಇವೆ. ಒಂದು ಈಚೆ, ಶತ್ರು ಇರುವ ದಡದಲ್ಲೇ ಇದೆ. ಎದುರಿಗೆ ಅಳಿಯನದು ಒಂದೇ ಪಡೆ, ಅದರ ಬಲವೂ 4. ನದಿ ದಾಟಿ ಹೊಡೆಯುವ ಪಡೆಯ ಬಲ ಅರ್ಧವಾಗುತ್ತದೆ ಎಂದು ರೂಲ್‌ಬುಕ್ ಹೇಳುತ್ತದೆ. ಹಾಗಾದರೆ 2, 2, 4, ಒಟ್ಟು 8. ಅಂದರೆ 2ಕ್ಕೆ 1. ಆದರೆ ಮಾಸ್ತರರ ಕೈಯಲ್ಲಿ ಆಟ ರೂಪಿಸಿದವರು ಆಮೇಲೆ ಹೊರಡಿಸಿದ ತಿದ್ದುಪಡಿಯ ಪ್ರಿಂಟ್ ಇತ್ತು: ದಾಳಿಗೆ ಇಳಿದವರೆಲ್ಲ ನದಿ ದಾಟಿಯೇ ಹೊಡೆಯುವಾಗ ಮಾತ್ರ ಅರ್ಧ. ಆ ಲೆಕ್ಕದಲ್ಲಿ 12, ಅಂದರೆ 3ಕ್ಕೆ 1. ಫಲಿತಾಂಶದ ಕೋಷ್ಟಕದಲ್ಲಿ ಒಂದು ಸಾಲು ಪಕ್ಕಕ್ಕೆ ಸರಿದರೆ ಸಾಕು, ದಾಳದಲ್ಲಿ ಅದೇ ಅಂಕಿ ಬಿದ್ದರೂ ಸೇತುವೆ ಯಾರದು ಎನ್ನುವುದು ಬದಲಾಗುತ್ತದೆ.

ಅಳಿಯ ಹೇಳಿದ, "ಮಾಸ್ತರೇ, ಆ ತಿದ್ದುಪಡಿಯನ್ನು ಆಮೇಲೆ ವಾಪಸ್ ತಗೊಂಡಿದ್ದಾರೆ." ಮಾಸ್ತರರು ಕೇಳಿದರು, "ಯಾವಾಗ ತಗೊಂಡ್ರು, ತಮಾ? ಎಲ್ಲಿ ಬರೆದಿದೆ?" ಇಬ್ಬರ ಹಾಳೆಯಲ್ಲೂ ತಾರೀಖೇ ಇರಲಿಲ್ಲ. ಸಿಟ್ಟೇನೂ ಬರಲಿಲ್ಲ, ಆದರೆ ಎರಡು ದಿನದ ಆಟ ಅಲ್ಲಿಗೆ ಸಪ್ಪೆಯಾಯಿತು. ಅವತ್ತು ರಾತ್ರಿಯೇ ನಾನು ಈ ಕಡತ ಶುರು ಮಾಡಿದೆ.

[ದೃಶ್ಯ: ಎರಡು ಕಾಲಮ್ಮಿನ ಕಡತ.]

ನಮ್ಮ ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ "ತಪ್ಪು – ಒಪ್ಪು" ಎಂಬ ಪಟ್ಟಿ ಇರುತ್ತಿತ್ತಲ್ಲ, ಕೂಡಿಸಿದ್ದು ಅದೇ ರೀತಿಯಲ್ಲಿ. ಎಡಕ್ಕೆ ಅಚ್ಚಾದ ವಾಕ್ಯ ಇಡಿಯಾಗಿ, ಬಲಕ್ಕೆ ತಿದ್ದಿದ ವಾಕ್ಯ ಇಡಿಯಾಗಿ. ಒಂದು ಪದವನ್ನಷ್ಟೇ ಬರೆದಿಟ್ಟರೆ ಆರು ತಿಂಗಳ ಮೇಲೆ ನಮಗೇ ಅರ್ಥವಾಗುವುದಿಲ್ಲ. ಜೊತೆಗೆ ನಿಯಮದ ಸಂಖ್ಯೆ, ಎಷ್ಟನೇ ಮುದ್ರಣಕ್ಕೆ ಇದು ಅನ್ವಯ, ಹೇಳಿದವರು ಯಾರು, ಯಾವ ದಿನ. ರದ್ದಾದ ತಿದ್ದುಪಡಿಯನ್ನು ಅಳಿಸುವುದಿಲ್ಲ. ಅಡ್ಡಗೆರೆ ಎಳೆದು ರದ್ದಾದ ತಾರೀಖು ಹಾಕುತ್ತೇವೆ. ಮಾಸ್ತರರ ಆ ಪ್ರಿಂಟ್ ಒಂದು ಕಾಲಕ್ಕೆ ಸರಿಯೇ ಇತ್ತು, ಅದು ಕಾಣಬೇಕು.

ನಿಯಮಕ್ಕೆ ಸಂಖ್ಯೆ ಇದ್ದರೆ ಅರ್ಧ ಕೆಲಸ ಮುಗಿದಂತೆ. 1969ರಲ್ಲಿ ಶುರುವಾದ, ವಾರ್‌ಗೇಮ್ ಮಾಡುತ್ತಿದ್ದ ಅಮೆರಿಕದ ಎಸ್‌ಪಿಐ ಕಂಪನಿಯ ಆಟಗಳಲ್ಲಿ 5.0, 5.1, 5.11 ಎಂದು ಕವಲೊಡೆಯುವ ಸಂಖ್ಯೆಗಳಿದ್ದವು, ಆ ಕ್ರಮ ಈಗಲೂ ನಡೆಯುತ್ತಿದೆ. 1985ರ ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್ ಎಂಬ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ರೂಲ್‌ಬುಕ್ಕಿಗೆ ಹೊಲಿಗೆಯೇ ಇಲ್ಲ, ರಿಂಗ್ ಬೈಂಡರಿನಲ್ಲಿ ಬಿಡಿ ಹಾಳೆಗಳು. ತಿದ್ದಿದ ಹಾಳೆ ಬಂದರೆ ಹಳೆಯದನ್ನು ತೆಗೆದು ಹೊಸದನ್ನು ಸಿಕ್ಕಿಸಿದರೆ ಆಯಿತು. ನಿಯಮಗಳು ಬದಲಾಗುತ್ತವೆ ಎಂದು ಮೊದಲೇ ಒಪ್ಪಿಕೊಂಡು ಪುಸ್ತಕ ಮಾಡಿದ್ದಾರಲ್ಲ, ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಈಗ ಮುಖ್ಯ ಮಾತು. ತಿದ್ದುಪಡಿ ಎಂದು ಬರುವುದೆಲ್ಲ ತಿದ್ದುಪಡಿಯಲ್ಲ. ಅಚ್ಚಿನಲ್ಲಿ 3 ಇರಬೇಕಾದ ಕಡೆ 5 ಬಿದ್ದಿದ್ದರೆ ಅದು ತಪ್ಪು. ವಾಕ್ಯ ಸರಿಯಿದ್ದು ಓದುವವರಿಗೆ ಗೊಂದಲವಾದರೆ ಬೇಕಾದದ್ದು ವಿವರಣೆ. ಮೂರನೆಯದು ನಮ್ಮ ಮನೆಯ ಪದ್ಧತಿ. ಹುಲಿ–ಕುರಿ ಆಟವನ್ನೇ ನೋಡಿ, ಒಂದು ಕಡೆ 15 ಕುರಿ, ಇನ್ನೊಂದು ಕಡೆ ಬೇರೆ ಲೆಕ್ಕ. ಯಾವುದೂ ತಪ್ಪಲ್ಲ, ಆಡುವ ಮುಂಚೆ ಮಾತಾಡಿಕೊಂಡರೆ ಸಾಕು. ಆದರೆ ಮನೆಯ ಪದ್ಧತಿ ತಿದ್ದುಪಡಿಯ ಪಟ್ಟಿಯೊಳಗೆ ನುಸುಳಿತೋ, ಆಟ ರೂಪಿಸಿದವರು ಹೇಳದ ಮಾತು ಅವರ ಹೆಸರಿನಲ್ಲಿ ಓಡಾಡುತ್ತದೆ.

1970ರ ಪ್ಯಾಂಜರ್‌ಬ್ಲಿಟ್ಜ್ ಇದಕ್ಕೆ ಒಳ್ಳೆಯ ಉದಾಹರಣೆ. ಜಿಮ್ ಡನ್ನಿಗನ್ ರೂಪಿಸಿದ ಟ್ಯಾಂಕ್ ಆಟ. ಕಾಡಿನಲ್ಲಿ ನಿಂತ ಪಡೆ ಕಾಣಬೇಕಾದರೆ ಶತ್ರು ಪಕ್ಕದ ಮನೆಗೇ ಬರಬೇಕು. ಹೀಗಾಗಿ ಆಟಗಾರರು ತಮ್ಮ ಸರದಿಯಲ್ಲಿ ಒಂದು ಕಾಡಿನಿಂದ ಹೊರಟು, ಬಯಲು ದಾಟಿ, ಇನ್ನೊಂದು ಕಾಡು ಸೇರಿಬಿಡುತ್ತಿದ್ದರು. ಎದುರಾಳಿಯ ಸರದಿ ಬರುವಷ್ಟರಲ್ಲಿ ಹೊಡೆಯಲು ಬಯಲಲ್ಲಿ ಯಾರೂ ಇಲ್ಲ. ಇದಕ್ಕೆ ಪ್ಯಾಂಜರ್‌ಬುಷ್ ಎಂಬ ಹೆಸರೇ ಬಿತ್ತು. ಇಲ್ಲಿ ಅಚ್ಚಿನ ತಪ್ಪಿಲ್ಲ, ಕೊರತೆ ಇದ್ದದ್ದು ಆಟದಲ್ಲೇ. ಓಡುವ ಪಡೆಯ ಮೇಲೆ ಎದುರಾಳಿ ಆಗಲೇ ಗುಂಡು ಹಾರಿಸಬಹುದೆಂಬ ನಿಯಮ 1974ರ ಪ್ಯಾಂಜರ್ ಲೀಡರ್ ಎಂಬ ಮುಂದಿನ ಆಟದಲ್ಲಿ ಬಂತು. ಅದನ್ನು ತಂದು ಹಳೆಯ ಆಟಕ್ಕೆ ಸೇರಿಸಿ ಆಡುವುದು ಚೆಂದವೇ. ಆದರೆ ಕಡತದಲ್ಲಿ ಅದಕ್ಕೆ ಬೇರೆ ಪುಟ.

ಕನ್ನಡದಲ್ಲಿ ಆಡುವ ನಮಗೆ ಇನ್ನೊಂದು ಎಚ್ಚರ ಬೇಕು. ಅಳಿಯನ ತಂಗಿಗಾಗಿ ನದಿಯ ಆ ರದ್ದಾದ ತಿದ್ದುಪಡಿಯನ್ನು ಹೀಗೆ ಬರೆದಿದ್ದೆ:

[ಪರದೆಯ ಮೇಲೆ: "ಎಲ್ಲ ಪಡೆಗಳೂ ನದಿ ದಾಟಿ ದಾಳಿ ಮಾಡದಿದ್ದರೆ ಬಲ ಅರ್ಧವಾಗುವುದಿಲ್ಲ."]

ಓದಿ ಅವಳು ಕೇಳಿದಳು, "ಮಾವ, ಯಾರೂ ದಾಟದಿದ್ದರೆ ಅಂತಲೋ, ಕೆಲವರು ದಾಟದಿದ್ದರೆ ಅಂತಲೋ?" ಎರಡೂ ಅರ್ಥ ಬರುತ್ತದೆ! ಈಗ ಹೀಗೆ ಬರೆದಿದ್ದೇನೆ: "ಒಂದು ಪಡೆಯಾದರೂ ನದಿ ದಾಟದೆ ದಾಳಿಯಲ್ಲಿ ಸೇರಿದ್ದರೆ ಯಾರ ಬಲವೂ ಅರ್ಧವಾಗುವುದಿಲ್ಲ." ಹಾಗೆಯೇ "ಹಿಂದೆ ಸರಿಯಬಹುದು" ಮತ್ತು "ಹಿಂದೆ ಸರಿಯಬೇಕು". ಒಂದು ಕ್ರಿಯಾಪದದ ಬಾಲದಲ್ಲಿ ಇಡೀ ಯುದ್ಧ ತಿರುಗುತ್ತದೆ. ಮೂಲ ತಿದ್ದಿದ ದಿನವೇ ಕನ್ನಡದ ಹಾಳೆಯನ್ನೂ ತಿದ್ದುತ್ತೇನೆ.

ಆಟದ ನಡುವೆ ತಪ್ಪು ಸಿಕ್ಕರೆ? ಮೊದಲು ಒಪ್ಪಿಕೊಂಡ ಹಾಳೆಯ ಪ್ರಕಾರವೇ ಆ ಆಟ ಮುಗಿಸುತ್ತೇವೆ. ಹೊಸದು ಮುಂದಿನ ಆಟಕ್ಕೆ.

[ದೃಶ್ಯ: ಸಣ್ಣ ಜಿಪ್ ಚೀಲದಲ್ಲಿ ಒಂದು ಬಿಲ್ಲೆ, ಒಂದು ಚೀಟಿ.]

ಕೊನೆಗೆ ಇದೊಂದು. ಬಿಲ್ಲೆಯ ಮೇಲೇ ಅಂಕಿ ತಪ್ಪಾಗಿ ಅಚ್ಚಾಗಿದ್ದರೆ ಅದರ ಮೇಲೆ ಕಾಗದ ಅಂಟಿಸಬೇಡಿ. ನಮ್ಮ ಕಡೆಯ ಮಳೆಗಾಲಕ್ಕೆ ರಟ್ಟು ಥಂಡಿ ಹಿಡಿದು ಉಬ್ಬುತ್ತದೆ, ಅಂಟು ಬಿಟ್ಟುಕೊಳ್ಳುತ್ತದೆ. ಕಾರವಾರದ ಉಪ್ಪುಗಾಳಿಯಲ್ಲಿ ಇನ್ನೂ ಬೇಗ ಎಂದು ಮಾಸ್ತರರು ಹೇಳುತ್ತಾರೆ. ಹೀಗೆ ಚೀಲದಲ್ಲಿಟ್ಟು ಚೀಟಿ ಹಾಕಿ. ಇದರಲ್ಲಿ ಮಾಸ್ತರರದೇ ದುಂಡು ಅಕ್ಷರ: "ಚಲನೆ 6 ಅಲ್ಲ, 4. ಮೊದಲ ಮುದ್ರಣಕ್ಕೆ ಮಾತ್ರ." ಕೆಳಗೆ ತಾರೀಖು.