ಹಲ್ಲುಜ್ಜುವ ಕೈಯ ಬಿಗಿ

ಕೇಳುಗರೇ, ನಮಸ್ಕಾರ.

ನಾವು ಪಾತ್ರೆಯನ್ನೂ ಉಜ್ಜುತ್ತೇವೆ, ಹಲ್ಲನ್ನೂ ಉಜ್ಜುತ್ತೇವೆ. ಎರಡಕ್ಕೂ ಮಾತು ಒಂದೇ ಆದುದರಿಂದಲೋ ಏನೋ, ಹಿತ್ತಾಳೆಯ ಚೊಂಬನ್ನು ಬೆಳಗುವ ಹಾಗೆಯೇ ಬೂದಿ, ಇದ್ದಿಲು, ಇಟ್ಟಿಗೆಯ ಪುಡಿಗಳಿಂದ ಹಲ್ಲನ್ನೂ ಬೆಳಗುವ ರೂಢಿ ನಮ್ಮ ಹಳ್ಳಿಯ ಬಚ್ಚಲುಗಳಲ್ಲಿ ಬಹುಕಾಲ ಉಳಿದಿತ್ತು. ಪುಡಿ ಹೋಗಿ ಬ್ರಷ್ ಬಂದರೂ ಕೈಯ ಆ ಬಿಗಿ ಮಾತ್ರ ಅನೇಕರಲ್ಲಿ ಸಡಿಲವಾಗಿಲ್ಲ.

ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಯ ತುದಿಗೆ ಅಂಟಂಟಾಗಿ ತಾಗುವ ಪೊರೆಯೇ ನಾವು ತೆಗೆಯಬೇಕಾದ ಕೊಳೆ. ಉಗುರಿನಿಂದ ಮೆಲ್ಲಗೆ ಕೆರೆದರೂ ಬರುವಷ್ಟು ಅದು ಮೆದು. ಹಾಗೆಯೇ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿ ಕೆಲವು ದಿನಗಳಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಬ್ರಷ್ಷಿಗೆ ಜಗ್ಗದು, ದಂತವೈದ್ಯರ ಉಪಕರಣವೇ ಬೇಕು. ಅಂದರೆ ಮೆತ್ತಗಿರುವಾಗ ಬಲ ಬೇಕಿಲ್ಲ, ಕಲ್ಲಾದಾಗ ಬಲ ಸಾಲದು. ಆದರೂ ಬಲ ಹಾಕುತ್ತಲೇ ಹೋದರೆ ಒಸಡು ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತದೆ, ಎನಾಮಲ್ ಎಂಬ ಗಟ್ಟಿ ಹೊದಿಕೆಯಿಲ್ಲದ ಬೇರಿನ ಭಾಗ ಹೊರಬೀಳುತ್ತದೆ, ಅಲ್ಲಿ ಕೊಡಲಿ ಕಚ್ಚಿನಂಥ ಗುರುತು ಮೂಡಿ ತಣ್ಣೀರು ಸೋಕಿದರೂ ಜುಮ್ಮೆನ್ನುತ್ತದೆ. ಹಾಗೆ ಸರಿದ ಒಸಡು ತಾನಾಗಿ ಮರಳುವುದಿಲ್ಲ. ಸವೆದ ಎನಾಮಲ್ ಮತ್ತೆ ಬೆಳೆಯುವುದೂ ಇಲ್ಲ.

ಪಾವಗಡ, ಕೋಲಾರದಂಥ ಕಡೆಗಳಲ್ಲಿ ಈ ವಿಷಯಕ್ಕೆ ಇನ್ನೊಂದು ನೋವಿನ ಮುಖವಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದ್ದರೂ ಅಲ್ಲಿನ ಎಷ್ಟೋ ಕೊಳವೆಬಾವಿಗಳ ನೀರು ಆ ಗಡಿಯನ್ನು ದಾಟಿದೆ. ಎಳವೆಯಲ್ಲಿ, ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗಲೇ, ಆ ನೀರಿನಿಂದ ಆದ ಊನ ಮುಂದೆ ಕಂದು ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ತುಟಿ ಬಿಗಿಹಿಡಿದು ನಗುವ ಹುಡುಗಿಯೊಬ್ಬಳು ಇದ್ದಿಲಿನಿಂದ ಎಷ್ಟು ತಿಕ್ಕಿದರೂ ಅದು ಹೋಗದು. ಸವೆಯುವುದು ಹಲ್ಲೇ ಹೊರತು ಕಲೆಯಲ್ಲ. ಅವಳು ಕೊಳಕಳೂ ಅಲ್ಲ, ಸೋಮಾರಿಯೂ ಅಲ್ಲ.

ಇನ್ನು ಕ್ರಮ. ಎಳೆ ಮೃದುವಾಗಿರುವ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಬೆರಳುಗಳಲ್ಲಿ ಹಿಡಿದು, ಹಲ್ಲೂ ಒಸಡೂ ಕೂಡುವ ಗೆರೆಗೆ 45 ಡಿಗ್ರಿ ಓರೆಯಾಗಿ ತಾಗಿಸಿ, ಇದ್ದಲ್ಲಿಯೇ ನಡುಗಿಸಿದಂತೆ ಪುಟ್ಟಪುಟ್ಟದಾಗಿ ಆಡಿಸಬೇಕು. ಎರಡು ಹೊತ್ತು, ಎರಡೆರಡು ನಿಮಿಷ. ದೊಡ್ಡವರಿಗೆ ಬಟಾಣಿಯಷ್ಟು ಪೇಸ್ಟ್ ಧಾರಾಳವಾಯಿತು. ನಿಂಬೆಹಣ್ಣಿನ ಪಾನಕ ಕುಡಿದ ಕೂಡಲೇ ಬ್ರಷ್ ಹಿಡಿಯಬಾರದು. ಹುಳಿಗೆ ಮೆತ್ತಗಾದ ಎನಾಮಲ್ ಚೇತರಿಸಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಒಸಡಿನಲ್ಲಿ ರಕ್ತ ಜಿನುಗಿತೆಂದು ಆ ಜಾಗವನ್ನು ಬಿಟ್ಟುಬಿಡುವವರಿದ್ದಾರೆ. ಅದು ಬಹಳ ಮಟ್ಟಿಗೆ ಅಲ್ಲಿ ಕೊಳೆ ನಿಂತು ಒಸಡು ಊದಿರುವ ಸೂಚನೆ. ಅಲ್ಲಿಯೇ ಇನ್ನಷ್ಟು ನಯವಾಗಿ ಉಜ್ಜಬೇಕು, ವಾರ ಕಳೆದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು.

ನನ್ನ ಕೈ ಎಷ್ಟು ಬಿಗಿಯೆಂಬುದು ಬಹುಕಾಲ ನನಗೇ ತಿಳಿದಿರಲಿಲ್ಲ. ಮೂರು ತಿಂಗಳು ಬಾಳಬೇಕಾದ ಬ್ರಷ್ಷು ನಾಲ್ಕೇ ವಾರದಲ್ಲಿ ಹಳೆಯ ಪೊರಕೆಯಂತೆ ಕೆದರಿಕೊಂಡು ನಿಂತಿದ್ದನ್ನು ಒಂದು ದಿನ ನನ್ನ ಮಗಳು ಎತ್ತಿ ತೋರಿಸಿದಳು. ಪಕ್ಕದಲ್ಲಿ, ನನ್ನದರ ಜೊತೆಗೇ ಕೊಂಡ ಅವಳ ಬ್ರಷ್ಷು ನೆಟ್ಟಗಿತ್ತು.

ನಮಸ್ಕಾರ.