ತೋಟದ ಮನೆಗೆ ಯಾವ ಪೆಟ್ಟಿಗೆ?

ಕೇಳುಗರಿಗೆ ನಮಸ್ಕಾರ.

ಔಷಧಿ ಅಂಗಡಿಯ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಸಾಕೋ, ಆನ್‌ಲೈನಿನಲ್ಲಿ ಮಾರುವ ಟ್ರಾಮಾ ಕಿಟ್ಟೇ, ಅಂದರೆ ಭಾರಿ ಗಾಯದ ರಕ್ತ ನಿಲ್ಲಿಸುವ ಸಾಮಗ್ರಿಯ ಪೆಟ್ಟಿಗೆಯೇ ಬೇಕೋ ಎಂದು ಕೇಳುವವರಿಗೆ ನಾನು ಎರಡು ಮರುಪ್ರಶ್ನೆ ಹಾಕುತ್ತೇನೆ. ನಿಮ್ಮ ಕೊಟ್ಟಿಗೆಯಲ್ಲಿ ಯಾವ ಯಂತ್ರವಿದೆ? ಆಸ್ಪತ್ರೆ ಎಷ್ಟು ದೂರ?

ಈಳಿಗೆಮಣೆ ತಾಗಿದ ಬೆರಳು, ತರಚಿದ ಮೊಣಕಾಲು, ಭೇದಿಯಿಂದ ಸುಸ್ತಾದ ಮಗು. ಇವಕ್ಕೆಲ್ಲ ಹತ್ತಿ, ಗಾಜ್ ಬಟ್ಟೆ, ಅಂಟುಪಟ್ಟಿ, ಓಆರ್‌ಎಸ್ ಪೊಟ್ಟಣವಿರುವ ಮಾಮೂಲಿ ಪೆಟ್ಟಿಗೆ ಸಾಕು. ಇದು ಎಲ್ಲ ಮನೆಗೂ ಬೇಕು. 1948ರ ಕಾರ್ಖಾನೆ ಕಾಯ್ದೆ 150 ಕಾರ್ಮಿಕರಿಗೆ ಕನಿಷ್ಠ ಒಂದು ಪೆಟ್ಟಿಗೆ ಇಡಲೇಬೇಕು ಎನ್ನುತ್ತಿತ್ತು. ಮನೆಗೆ ಅಂಥ ಕಾಯ್ದೆಯಿಲ್ಲ. ಅದಕ್ಕೇ ಅಲ್ಲಿ ಅವಧಿ ಮುಗಿದ ಮುಲಾಮುಗಳು ಆರಾಮವಾಗಿ ಮಲಗಿರುತ್ತವೆ.

ಮರ ಕೊಯ್ಯುವ ಯಂತ್ರ ತೊಡೆಗೆ ತಾಗಿದರೆ ಮಾತು ಬೇರೆ. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಕಡಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಮಲೆನಾಡಿನ ಒಳದಾರಿಗೆ 108 ವಾಹನ ಅಷ್ಟರೊಳಗೆ ಬಂದೀತೆಂದು ಹೇಳುವಂತಿಲ್ಲ. ಮೊದಲು ಬೇಕಾದದ್ದು ಕೈ. ಸಿಕ್ಕ ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು ಮೈಭಾರ ಹಾಕಿ ಒತ್ತಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬೇಡಿ. ತೊಡೆಸಂದಿಯ ಗಾಯವಾದರೆ ಬಟ್ಟೆಯನ್ನು ಒಳಗೇ ತುರುಕಿ ಒತ್ತಬೇಕು.

ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದಾಗ ಬರುವುದು ಟೂರ್ನಿಕೆಟ್, ಅಂದರೆ ಕಡ್ಡಿ ತಿರುಗಿಸಿ ಬಿಗಿಯುವ ಅಗಲ ಪಟ್ಟಿ. ಗಾಯಕ್ಕಿಂತ ಮೂರು-ನಾಲ್ಕು ಬೆರಳು ಮೇಲೆ, ಕೀಲು ಬಿಟ್ಟು ಕಟ್ಟಬೇಕು. ರಕ್ತ ನಿಲ್ಲುವವರೆಗೆ ಬಿಗಿಯಬೇಕು. ವಿಪರೀತ ನೋಯುತ್ತದೆ, ಗಾಯಾಳು ಕಿರುಚಿದನೆಂದು ಸಡಿಲಿಸಬಾರದು. ಕಟ್ಟಿದ ಹೊತ್ತನ್ನು ಬರೆದಿಟ್ಟರೆ ವೈದ್ಯರಿಗೆ ಅನುಕೂಲ. ಬಿಚ್ಚುವ ಕೆಲಸ ಅವರದು.

ನಮ್ಮ ಊರುಗಳಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು: ಹಾವು ಕಚ್ಚಿದರೆ ಈ ಪಟ್ಟಿಯನ್ನಾಗಲಿ, ಹಗ್ಗವನ್ನಾಗಲಿ ಬಿಗಿಯಬೇಡಿ. ಅಂಗಕ್ಕೇ ಕುತ್ತು ಬರುತ್ತದೆ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಿರಿ.

ಹಾಗಾದರೆ ಟ್ರಾಮಾ ಕಿಟ್ ಕೊಳ್ಳಬೇಕೇ? ಪೇಟೆಯಲ್ಲಿದ್ದು, ಹತ್ತಿರದಲ್ಲೇ ಆಸ್ಪತ್ರೆಯಿದ್ದರೆ ನಾನಂತೂ ಕೊಳ್ಳುವುದಿಲ್ಲ. ತೋಟದವರೂ ಇಡೀ ಕಿಟ್ಟಿಗೆ ಹಣ ಸುರಿಯಬೇಕಾಗಿಲ್ಲ. ಕೆಲವು ಕಿಟ್ಟುಗಳಲ್ಲಿ ಎದೆಗೆ ಚುಚ್ಚುವ ಸೂಜಿಯೂ ಇರುತ್ತದೆ. ತರಬೇತಿಯಿಲ್ಲದವರ ಕೈಯಲ್ಲಿ ಅದು ಇನ್ನೊಂದು ಗಾಯ ಮಾಡೀತು. ಮಾಮೂಲಿ ಪೆಟ್ಟಿಗೆಗೇ ಒಳ್ಳೆಯ ಟೂರ್ನಿಕೆಟ್, ಗಾಯದ ಮೇಲೆ ಬಿಗಿಯಾಗಿ ಸುತ್ತುವ ಒತ್ತುಪಟ್ಟಿ, ಹೆಚ್ಚಿನ ಗಾಜ್ ಬಟ್ಟೆ, ಪ್ಯಾಂಟು ಕತ್ತರಿಸಬಲ್ಲ ಗಟ್ಟಿ ಕತ್ತರಿ, ಕೈಗವಸು ಸೇರಿಸಿ. ಅಗ್ಗದ ನಕಲಿ ಟೂರ್ನಿಕೆಟ್‌ಗಳ ಕಡ್ಡಿ ಬಿಗಿಯುವಾಗಲೇ ಬಾಗುವುದುಂಟು, ಮುರಿಯುವುದೂ ಉಂಟು. ಆ ಉಳಿತಾಯ ಬೇಡ.

ಕೊಂಡಮೇಲೆ ರೆಡ್ ಕ್ರಾಸ್‌ನಂಥ ಸಂಸ್ಥೆಯ ತರಬೇತಿಗೆ ಮನೆಯಿಂದ ಇಬ್ಬರು ಹೋಗಿ ಬನ್ನಿ. ಒಬ್ಬರೇ ಕಲಿತು, ಗಾಯವೂ ಅವರಿಗೇ ಆದರೆ ಕಟ್ಟುವವರು ಯಾರು? ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಯಂತ್ರ ತೋಟಕ್ಕೆ ಹೋದ ದಿನ ಪೆಟ್ಟಿಗೆಯೂ ತೋಟಕ್ಕೆ ಹೋಗಲಿ.

ನಮಸ್ಕಾರ.