ಹಳಿಯ ಮೇಲೊಂದು ದಿನ

ಕೇಳುಗರೇ, ನಮಸ್ಕಾರ.

ಕಳೆದ ತಿಂಗಳ ಒಂದು ಭಾನುವಾರ, ಆರು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಕರೆದುಕೊಂಡು ನಾನು ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿ, ಅಲ್ಲಿನ ರೈಲ್ವೆ ವಸ್ತುಸಂಗ್ರಹಾಲಯವನ್ನು ನೋಡಿ, ಸಂಜೆಯ ಗಾಡಿಗೆ ಹಿಂತಿರುಗಿದೆ. ಅರಮನೆಗೆ ಹೋಗಲಿಲ್ಲ, ಮೃಗಾಲಯಕ್ಕೂ ಹೋಗಲಿಲ್ಲ. ಚಾಮುಂಡಿ ಬೆಟ್ಟಕ್ಕೆ ದೂರದಿಂದಲೇ ಕೈಮುಗಿದೆವು. ಅಷ್ಟು ದೂರ ಹೋಗಿ ನೋಡಿದ್ದು ಇಷ್ಟೇನಾ ಎಂದು ಮನೆಯ ಹಿರಿಯರು ಕೇಳಿದರು. ಎಳೆಯ ಮಕ್ಕಳ ದಿನಕ್ಕೆ ಒಂದೇ ಸಂಗತಿ ಸಾಕು, ಅದನ್ನು ಅವರು ಹೊಟ್ಟೆ ತುಂಬ ನೋಡಲಿ ಎಂಬುದು ನನ್ನ ನಂಬಿಕೆ. ನನ್ನ ಮಕ್ಕಳಿಗೆ ಆ ಒಂದು ಸಂಗತಿಯೆಂದರೆ ರೈಲು.

2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಕಾರು ಓಡಿಸಿದರೆ ಮೈಸೂರು ಬೇಗ ಬರುತ್ತದೆ, ನಿಜ. ಆದರೆ ಕಾರಿನಲ್ಲಿ ಮಕ್ಕಳು ಬಿಡದಿ ದಾಟುವ ಮೊದಲೇ ನಿದ್ದೆ ಹೋಗುತ್ತಾರೆ. ರೈಲಿನಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಅಲ್ಲಿ ಎದ್ದು ನಿಲ್ಲಬಹುದು, ಎದುರು ಸೀಟಿನ ಅಜ್ಜಿಯನ್ನು ಮಾತನಾಡಿಸಬಹುದು, ಕಿಟಕಿಯ ಸರಳು ಹಿಡಿದು ಗಂಟೆಗಟ್ಟಲೆ ಹೊರಗೆ ನೋಡಬಹುದು. ರಾಮನಗರ ಹತ್ತಿರವಾದಾಗ ಬಯಲಿನ ನಡುವೆ ಒಮ್ಮೆಲೇ ಎದ್ದ ಬಂಡೆಬೆಟ್ಟಗಳನ್ನು ಕಂಡು ಮಗಳು ಒಂದೊಂದಕ್ಕೂ ಹೆಸರಿಡುತ್ತಾ ಹೋದಳು: ಆನೆ, ಇಡ್ಲಿ, ಮಲಗಿದ ಮಾವ. ಚನ್ನಪಟ್ಟಣ ಬಂದಾಗ, ಮಗ ಮನೆಯಿಂದ ಹಿಡಿದು ತಂದಿದ್ದ ಅರಗಿನ ಬಣ್ಣದ ಪುಟ್ಟ ಮರದ ರೈಲು ಹುಟ್ಟಿದ ಊರು ಇದೇ ಎಂದು ಹೇಳಿದೆ. ಅವನು ಆ ಆಟಿಕೆಯನ್ನು ಕಿಟಕಿಗೆ ಎತ್ತಿ ಹಿಡಿದು ಅದಕ್ಕೆ ಅದರ ಊರನ್ನು ತೋರಿಸಿದ. ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಈರುಳ್ಳಿ ಸುಟ್ಟು ಕೆಂಪಾದ ಅದರ ಅಂಚನ್ನು ಮಾತ್ರ ಮಕ್ಕಳು ಮುರಿದು ತಿಂದು, ನಡುವಿನ ಭಾಗವನ್ನು ನನಗೆ ಕೊಟ್ಟರು.

ಈ ದಾರಿ ಹುಟ್ಟಿದ್ದು ಸುಖದ ಕಾಲದಲ್ಲಲ್ಲ. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ಮೈಸೂರು ಸಂಸ್ಥಾನ ನಲುಗಿಹೋದ ಮೇಲೆ, ಜನರಿಗೆ ಕೂಲಿ ಒದಗಿಸುವ ಕಾಮಗಾರಿಯ ಭಾಗವಾಗಿ ಈ ದಾರಿಗೆ ಮೊದಲು ಮೀಟರ್ ಗೇಜಿನ, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ, ಹಳಿಯನ್ನು ಹಾಕಿದರು. 1882ರ ಹೊತ್ತಿಗೆ ಬೆಂಗಳೂರಿನಿಂದ ಮೈಸೂರಿನವರೆಗೆ ಗಾಡಿ ಓಡತೊಡಗಿತು. ಹಸಿದವರು ಹಾಕಿದ ದಾರಿ ಇದು ಎಂದು ಮಗಳಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ವಡೆ ಅಗಿಯುವುದನ್ನು ನಿಲ್ಲಿಸಿದಳು.

ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿಯನ್ನು ಎರಡು ಸಲ ದಾಟುತ್ತದೆ, ಏಕೆಂದರೆ ಊರು ನದಿಯ ಎರಡು ಕವಲುಗಳ ನಡುವಿನ ದ್ವೀಪ. ಸೇತುವೆ ಬಂದೊಡನೆ ಚಕ್ರದ ಸದ್ದು ಬದಲಾಗಿ ಟೊಳ್ಳಾಗಿ ಗುಡುಗುತ್ತದೆ. ಇದನ್ನು ಮೊದಲು ಗುರುತಿಸಿದವನು ಮಗ. "ಅಮ್ಮಾ, ರೈಲು ಬೇರೆ ಮಾತಾಡ್ತಿದೆ" ಎಂದ. ಇಲ್ಲಿ ಜೋಡಿ ಹಳಿ ಹಾಕುವಾಗ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದಿನಮನೆಯನ್ನು, ಅಂದರೆ ಮದ್ದುಗುಂಡು ಇಡುತ್ತಿದ್ದ ಕಟ್ಟಡವನ್ನು, ಕೆಡವದೆ, 2017ರಲ್ಲಿ ಅದನ್ನು ಇಡಿಯಾಗಿ ಬುಡದಿಂದ ಎತ್ತಿ ಪಕ್ಕಕ್ಕೆ ಸರಿಸಿದ ಕಥೆ ಹೇಳಿದೆ. ಮನೆಯೊಂದು ಕದಲಿ ಹೋಯಿತೆಂಬ ಈ ಒಂದು ಮಾತು ಮೈಸೂರಿನವರೆಗೂ ನೂರು ಪ್ರಶ್ನೆಗಳನ್ನು ಎಬ್ಬಿಸಿತು.

1979ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯ ಮೈಸೂರು ರೈಲು ನಿಲ್ದಾಣದ ಹತ್ತಿರವೇ ಇರುವುದರಿಂದ ಎಳೆಯ ಕಾಲುಗಳಿಗೆ ದೂರವಾಗುವುದಿಲ್ಲ. 1899ರ ಮಹಾರಾಣಿಯವರ ಸಲೂನ್, ಅಂದರೆ ಅವರ ಪ್ರಯಾಣಕ್ಕೆಂದೇ ಇದ್ದ ಬೋಗಿ, ಅಲ್ಲಿನ ಹೆಮ್ಮೆ. ರಾಣಿಯ ಗಾಡಿಯಲ್ಲೂ ಅಡುಗೆಮನೆ ಇತ್ತೆಂಬುದು ಮಗಳಿಗೆ ಬಹಳ ಹಿಡಿಸಿತು. ರಬ್ಬರ್ ಟೈರು ಕಳಚಿ ಹಳಿಯ ಚಕ್ರ ತೊಡಿಸಿಕೊಂಡ ಆಸ್ಟಿನ್ ಮೋಟಾರು ಕಾರಿನ ಮುಂದೆಯೂ ಸಾಕಷ್ಟು ಹೊತ್ತು ನಿಂತೆವು. ಆದರೆ ನಾವು ಹೆಚ್ಚು ಹೊತ್ತು ಕಳೆದದ್ದು ಉಗಿಬಂಡಿಗಳ ಬುಡದಲ್ಲಿ. ಮಗ ಒಂದು ಹಳಿಯಿಂದ ಇನ್ನೊಂದು ಹಳಿಗೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಹೆಜ್ಜೆಯಿಟ್ಟು ಅಳೆದ. ಮೀಟರ್ ಗೇಜಿನ ಹಳಿಗಳ ನಡುವೆ ಅವನ ಪಾದಗಳು ಆರು ಹಿಡಿದವು, ಏಳನೆಯದಕ್ಕೆ ಜಾಗ ಸಾಲಲಿಲ್ಲ. ಒಂದು ಮೀಟರ್ ಎಂದರೆ ಎಷ್ಟು ಎಂಬುದು ಅವನಿಗೆ ಇನ್ನು ಯಾವ ಪಾಠದಲ್ಲೂ ಅಷ್ಟು ಚೆನ್ನಾಗಿ ತಿಳಿಯಲಾರದು. ಬೆಳಿಗ್ಗೆ ನಾವು ಬಂದ ದಾರಿ ಈಗ ಇನ್ನೂ ಅಗಲವಾದ ಬ್ರಾಡ್ ಗೇಜು, ಅದರ ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. ಅದನ್ನೂ ಅಳೆಯಬೇಕೆಂದು ಅವನು ಹಟ ಹಿಡಿದಾಗ, ರೈಲು ಓಡುವ ಹಳಿಗೆ ಇಳಿಯಬಾರದು ಎಂಬುದನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. ಅದಕ್ಕೆ ಬದಲಾಗಿ ಆವರಣದ ಪುಟಾಣಿ ರೈಲಿನಲ್ಲಿ ಎರಡು ಸುತ್ತು ಹಾಕಿದೆವು.

ಹಿಂತಿರುಗುವ ಗಾಡಿ ಹೊರಡುವಾಗ ಕತ್ತಲಾಗಿತ್ತು. ಮಗಳು ಕಿಟಕಿಗೆ ಹಣೆ ಒತ್ತಿ ದೀಪಗಳನ್ನು ಎಣಿಸುತ್ತಿದ್ದಳು, ಮಗ ನನ್ನ ತೊಡೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ನಿದ್ದೆ ಬಂತೆಂದುಕೊಂಡೆ. ಚಕ್ರದ ಸದ್ದು ಟೊಳ್ಳಾದೊಡನೆ ಅವನು ಕಣ್ಣು ತೆರೆಯದೆ ಒಂದು ಬೆರಳನ್ನು ಎತ್ತಿದ. ಶ್ರೀರಂಗಪಟ್ಟಣದ ನಿಲ್ದಾಣ ಬಂದು ಹೋಯಿತು. ಮತ್ತೆ ಸದ್ದು ಬದಲಾದಾಗ ಎರಡನೆಯ ಬೆರಳೂ ಮೇಲೆದ್ದಿತು.